ಅಣ್ಣನ ರಕ್ತನಾಳದ ಕಾಯಿಲೆ: ದಾಯಾದಿಗಳಿಗೆ ಹೇಳಬೇಕೇ, ಬೇಡವೇ?

ಅಘನಾಶಿನಿ_ತೀರ (ಕುಮಟಾ)
ಅಡಿಕೆ ಧಾರಣೆ, ಹೆದ್ದಾರಿಯ ಹೊಂಡಗಳ ಚರ್ಚೆಯ ನಡುವೆ ಇದೂ ಒಂದಿರಲಿ.

ನನ್ನ ಅಣ್ಣನಿಗೆ 34 ವರ್ಷ. ಕಳೆದ ಮಳೆಗಾಲದಲ್ಲಿ ಒಂದು ರಾತ್ರಿ ಊಟ ಮುಗಿಸಿ ಏಳುವಾಗ ಎಡ ಪಕ್ಕೆಯಿಂದ ಬೆನ್ನಿನವರೆಗೆ ಸೀಳಿದಂಥ ನೋವು ಬಂತು. ಮೊದಲು ತೋರಿಸಿದ ಕಡೆ ಗ್ಯಾಸ್ಟ್ರಿಕ್ ಎಂದು ಚುಚ್ಚುಮದ್ದು ಕೊಟ್ಟು ಕಳುಹಿಸಿದರು. ಇನ್ನೊಂದು ಕಡೆ ಮೂತ್ರಪಿಂಡದ ಕಲ್ಲು ಎಂದರು. ಇಸಿಜಿಯಲ್ಲಿ ಏನೂ ಇರಲಿಲ್ಲ. ಕೊನೆಗೆ ಜಿಲ್ಲೆಯ ಹೊರಗಿನ ದೊಡ್ಡ ಆಸ್ಪತ್ರೆಯಲ್ಲಿ ಸಿಟಿ ಆಂಜಿಯೋಗ್ರಾಂ (ರಕ್ತನಾಳಗಳನ್ನು ತೋರಿಸುವ ಸ್ಕ್ಯಾನ್) ಮಾಡಿದಾಗ ಎಡ ಮೂತ್ರಪಿಂಡಕ್ಕೆ ಹೋಗುವ ಅಪಧಮನಿಯ ಒಳಪದರ ಸೀಳಿರುವುದೂ, ಗುಲ್ಮದ ಅಪಧಮನಿಯಲ್ಲಿ ಒಂದು ಉಬ್ಬು ಇರುವುದೂ ಕಂಡಿತು. ಅಲ್ಲಿನ ವೈದ್ಯೆ ಅಣ್ಣನ ಅಂಗಿ ಬಿಚ್ಚಿಸಿ ಎದೆಯ ಚರ್ಮವನ್ನು ಬೆಳಕಿಗೆ ಹಿಡಿದು ನೋಡಿದರು. ನೀಲಿ ನಾಳಗಳು ಒಂದೊಂದೂ ಎಣಿಸುವಷ್ಟು ಸ್ಪಷ್ಟವಾಗಿದ್ದವು. ಅಂಗೈ ಮಗುಚಿ ಬೆರಳುಗಳನ್ನು ನೋಡಿದರು. ಆಮೇಲೆ ಕೇಳಿದ ಮೊದಲ ಪ್ರಶ್ನೆ: "ನಿಮ್ಮ ತಂದೆ ಹೇಗೆ ತೀರಿಕೊಂಡರು?"

ಅಪ್ಪ ಹೋದಾಗ ನಾನು ಶಾಲೆಯಲ್ಲಿದ್ದೆ. ಅವರಿಗೆ 41. ಹೃದಯಾಘಾತ ಎಂದೇ ನಾವು ನಂಬಿದ್ದೆವು. ಅಪ್ಪನ ತಂಗಿ ಎರಡನೆಯ ಹೆರಿಗೆಯಲ್ಲಿ ಗರ್ಭಕೋಶ ಒಡೆದು ತೀರಿಕೊಂಡಿದ್ದರು. ಅದು ಅವರ ಹಣೆಬರಹ ಎಂದು ಮನೆಯಲ್ಲಿ ಮಾತು ಮುಗಿದಿತ್ತು.

ಅಣ್ಣನ ರಕ್ತ ಪರೀಕ್ಷೆಯಲ್ಲಿ ಸಿಒಎಲ್3ಎ1 ಎಂಬ ವಂಶವಾಹಿಯಲ್ಲಿ ದೋಷ ಸಿಕ್ಕಿದೆ. ಕಾಯಿಲೆ ಎಹ್ಲರ್ಸ್-ಡಾನ್ಲೋಸ್ ಸಿಂಡ್ರೋಮ್, ಅದರಲ್ಲೂ ರಕ್ತನಾಳಗಳ ಬಗೆ. ಸಂಬಂಧಿಕರಿಗೆಲ್ಲ ತಿಳಿಸಿ ಎಂದು ವೈದ್ಯೆ ಹೇಳಿದ್ದಾರೆ. ಶಿರಸಿಯಲ್ಲಿರುವ ಚಿಕ್ಕಪ್ಪ ಮಾತ್ರ ಸುತರಾಂ ಬೇಡ ಎನ್ನುತ್ತಿದ್ದಾರೆ. ಅವರ ಮಗಳಿಗೆ ಸಂಬಂಧ ನೋಡುತ್ತಿದ್ದಾರೆ, ಮಾತುಕತೆ ಅರ್ಧ ದಾರಿಗೆ ಬಂದಿದೆ. ಅಮ್ಮನೂ ಅವರ ಪರ. ನಾನೇನು ಮಾಡಲಿ?

ಕೊನೆಗೌಡ (ಸಿದ್ದಾಪುರ)
ಹೇಳಿ. ಯೋಚನೆಯೇ ಬೇಡ.

ತದಡಿ_ಬಂದರು
ಹೇಳಿದ ಮೇಲೆ ಆ ಹುಡುಗಿಯ ಮದುವೆ ಮುರಿದರೆ ನೀವು ಬಂದು ನಿಲ್ಲುತ್ತೀರಾ? ಇನ್ನೊಬ್ಬರ ಮನೆಯ ವಿಷಯಕ್ಕೆ ಒಂದೇ ಮಾತಿನ ತೀರ್ಪು ಕೊಡುವುದು ಸುಲಭ.

ಹಳದಿಪುರದ_ಓದುಗ
ಇದೆಲ್ಲ ರಕ್ತಸಂಬಂಧದಲ್ಲಿ ಮದುವೆ ಮಾಡಿಕೊಂಡದ್ದರ ಫಲ. ಸೋದರಮಾವನ ಮಗಳು, ಅತ್ತೆಯ ಮಗ ಎಂದು ಆಸ್ತಿ ಉಳಿಸಿಕೊಳ್ಳಲು ಹೋದರೆ ಹೀಗೇ ಆಗುತ್ತದೆ.

ಬೇಡ್ತಿ_ಕಣಿವೆ (ಯಲ್ಲಾಪುರ)
ಹಳದಿಪುರದವರೇ, ಈ ಕಾಯಿಲೆಯ ಮಟ್ಟಿಗೆ ಅದು ತಪ್ಪು. ನಾನು ಶುಶ್ರೂಷಾ ಕ್ಷೇತ್ರದಲ್ಲಿ ಬಹಳ ವರ್ಷ ದುಡಿದವಳು, ಹಾಗಾಗಿ ಸ್ವಲ್ಪ ಉದ್ದವಾಗಿ ಬರೆಯುತ್ತೇನೆ.

ಪ್ರತಿಯೊಂದು ವಂಶವಾಹಿಯ ಎರಡು ಪ್ರತಿಗಳು ನಮ್ಮಲ್ಲಿರುತ್ತವೆ, ಒಂದು ತಾಯಿಯದು, ಇನ್ನೊಂದು ತಂದೆಯದು. ಕೆಲವು ಕಾಯಿಲೆಗಳು ಬರಬೇಕಾದರೆ ಎರಡೂ ಪ್ರತಿಗಳು ಕೆಟ್ಟಿರಬೇಕು. ರಕ್ತಸಂಬಂಧದ ಮದುವೆಯಲ್ಲಿ ಅಪಾಯ ಹೆಚ್ಚುವುದು ಅಂಥವುಗಳಲ್ಲಿ. ಅಪಧಮನಿಗಳು ಉದ್ದವಾಗಿ ಬೆಳೆದು ಹಾವಿನಂತೆ ಸುರುಳಿ ಸುತ್ತಿಕೊಳ್ಳುವ ಇನ್ನೊಂದು ಅಪರೂಪದ ಕಾಯಿಲೆಯಿದೆ, ಅದು ಆ ಬಗೆಯದು. ಅದಕ್ಕೆ ಕಾರಣವಾದ ಎಸ್‌ಎಲ್‌ಸಿ2ಎ10 ಎಂಬ ವಂಶವಾಹಿ ಪತ್ತೆಯಾದದ್ದು 2006ರಲ್ಲಿ.

ಅಘನಾಶಿನಿ ಅವರ ಮನೆಯದು ಹಾಗಲ್ಲ. ಇದರಲ್ಲಿ ಒಂದೇ ಪ್ರತಿ ಕೆಟ್ಟರೂ ಸಾಕು. ಗಂಡಾಗಲಿ ಹೆಣ್ಣಾಗಲಿ, ಪ್ರತಿ ಮಗುವಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ. ಘಟ್ಟದ ಮೇಲಿನ ಗೋತ್ರವೇ ಬೇರೆಯಾದ ಹುಡುಗಿಯನ್ನು ತಂದರೂ ಅಷ್ಟೇ. ಇನ್ನೊಂದು ಸಂಗತಿ: ಈ ಕಾಯಿಲೆ ಇರುವವರಲ್ಲಿ ಸುಮಾರು ಅರ್ಧದಷ್ಟು ಜನರ ತಂದೆ ತಾಯಿಗೆ ಅದು ಇರುವುದೇ ಇಲ್ಲ, ಆ ರೋಗಿಯಲ್ಲಿಯೇ ಹೊಸದಾಗಿ ಹುಟ್ಟಿಕೊಂಡಿರುತ್ತದೆ. ಹಾಗಾಗಿ ಯಾವ ಅಜ್ಜನ ಮದುವೆಯನ್ನೂ ಕಟಕಟೆಗೆ ತರುವುದು ಬೇಡ.

ಹಳದಿಪುರದ_ಓದುಗ
ಅರ್ಧಕ್ಕರ್ಧ ಎಂದರೆ ಇಬ್ಬರು ಮಕ್ಕಳಿದ್ದರೆ ಒಬ್ಬರಿಗೆ ಬರುತ್ತದೆ ಎಂದಲ್ಲವೇ? ಅಣ್ಣನಿಗೆ ಬಂದಿರುವುದರಿಂದ ತಂಗಿ ಪಾರಾದಳು.

ಬೇಡ್ತಿ_ಕಣಿವೆ
ಅಲ್ಲವೇ ಅಲ್ಲ! ಪ್ರತಿ ಬಸುರಿಗೂ ನಾಣ್ಯ ಹೊಸದಾಗಿಯೇ ಚಿಮ್ಮುತ್ತದೆ. ಅಣ್ಣನ ಫಲಿತಾಂಶದಿಂದ ಅಘನಾಶಿನಿ ಅವರ ಪಾಲು ಕಡಿಮೆಯಾಗುವುದಿಲ್ಲ. ನೀವು ಪರೀಕ್ಷೆ ಮಾಡಿಸಿಕೊಂಡಿರಾ ಅಮ್ಮಾ? ಅದನ್ನು ನೀವು ಬರೆದೇ ಇಲ್ಲ.

ಅಘನಾಶಿನಿ_ತೀರ (ಕುಮಟಾ)
ಇನ್ನೂ ಇಲ್ಲ. ಎಲ್ಲರೂ ಅಣ್ಣನ ಸುತ್ತ ಓಡಾಡುತ್ತಿದ್ದೇವೆ.

ಕಾಳಿ_ಸೇತುವೆ (ಕಾರವಾರ)
ಇಂಥದ್ದೇ ಒಂದು ಕಥೆ ನಮ್ಮ ವಾಲಿಬಾಲ್ ತಂಡದವರು ಆಗಾಗ ನೆನೆಯುತ್ತೇವೆ. ಅಮೆರಿಕದ ಫ್ಲೋ ಹೈಮನ್, 1984ರ ಒಲಿಂಪಿಕ್ಸ್‌ನಲ್ಲಿ ಬೆಳ್ಳಿ ಗೆದ್ದ ತಂಡದ ಆಟಗಾರ್ತಿ, ಆರೂವರೆ ಅಡಿಗೆ ಒಂದೇ ಇಂಚು ಕಡಿಮೆ ಎತ್ತರ. 1986ರ ಜನವರಿಯಲ್ಲಿ ಜಪಾನಿನಲ್ಲಿ ಪಂದ್ಯದ ನಡುವೆ ಬದಲಿಯಾಗಿ ಹೊರಗೆ ಬಂದು ಬೆಂಚಿನ ಮೇಲೆ ಕುಳಿತವರು ಅಲ್ಲಿಯೇ ಕುಸಿದು ತೀರಿಕೊಂಡರು. ಮೊದಲು ಹೃದಯಾಘಾತ ಎಂದರು. ಶವಪರೀಕ್ಷೆಯಲ್ಲಿ ಮಹಾಪಧಮನಿ ಸೀಳಿದ್ದು ಗೊತ್ತಾಯಿತು. ಮಾರ್ಫಾನ್ ಸಿಂಡ್ರೋಮ್. ಮನೆಯವರು ತಪಾಸಣೆ ಮಾಡಿಸಿಕೊಂಡಾಗ ಅವರ ಸಹೋದರನಿಗೂ ಅದೇ ಇತ್ತು. ಶಸ್ತ್ರಚಿಕಿತ್ಸೆಯಾಗಿ ಆತ ಉಳಿದರು. ಹೆಸರು ಗೊತ್ತಾಗಿರದಿದ್ದರೆ ಎರಡನೆಯ ಸಾವೂ ಹೃದಯಾಘಾತದ ಲೆಕ್ಕಕ್ಕೇ ಸೇರುತ್ತಿತ್ತು.

ಕೊನೆಗೌಡ (ಸಿದ್ದಾಪುರ)
ಕಾಳಿ ಸೇತುವೆಯವರೇ, ನಿಮ್ಮ ಹೆಸರಿನ ಹಳೆಯ ಸೇತುವೆ 2024ರ ಆಗಸ್ಟ್‌ನಲ್ಲಿಯೇ ನದಿಗೆ ಬಿದ್ದಿತಲ್ಲ, ಹೆಸರು ಬದಲಿಸಬಾರದೇ?

ಕಾಳಿ_ಸೇತುವೆ (ಕಾರವಾರ)
ಹೊಸದು ನಿಂತಿದೆ ಮಾರಾಯರೇ. ನಾನು ಹೊಸದು.

ಮಾವಿನಗುಂಡಿ_ಮಳೆ
ಮಾರ್ಫಾನ್ ಮತ್ತು ಇದು ಒಂದೇ ಏನು? ನನ್ನ ಮಗ ತುಂಬ ಎತ್ತರ, ಬೆರಳುಗಳೂ ಉದ್ದ. ಇದನ್ನು ಓದಿ ನಿದ್ದೆ ಹಾರಿತು.

ಬೇಡ್ತಿ_ಕಣಿವೆ
ಒಂದೇ ಅಲ್ಲ, ಒಂದೇ ಕುಲದವು. ಮಾರ್ಫಾನ್‌ನಲ್ಲಿ ಕೆಡುವುದು ಫೈಬ್ರಿಲಿನ್ ಎಂಬ ಪ್ರೋಟೀನು. ಸುಮಾರು 5000 ಜನರಲ್ಲಿ ಒಬ್ಬರಿಗೆ ಇರುತ್ತದೆ. ಎತ್ತರದ ನಿಲುವು, ಉದ್ದ ಬೆರಳು, ಕಣ್ಣಿನ ಮಸೂರ ಜಾರುವುದು, ಹೃದಯದಿಂದ ಹೊರಡುವಲ್ಲಿ ಮಹಾಪಧಮನಿ ಹಿಗ್ಗುವುದು ಅದರ ಲಕ್ಷಣಗಳು. ಹಿಗ್ಗಿರುವುದು ಎಕೋ (ಹೃದಯದ ಅಲ್ಟ್ರಾಸೌಂಡ್) ಪರೀಕ್ಷೆಯಲ್ಲಿ ಕಾಣುತ್ತದೆ, ವರ್ಷ ವರ್ಷ ಅಳೆಯಬಹುದು, ಒಡೆಯುವ ಮೊದಲೇ ಶಸ್ತ್ರಚಿಕಿತ್ಸೆ ಮಾಡಬಹುದು.

ಅಘನಾಶಿನಿ ಅವರ ಅಣ್ಣನದು ಇನ್ನೂ ಅಪರೂಪ, 50 ಸಾವಿರದಿಂದ 2 ಲಕ್ಷ ಜನರಲ್ಲಿ ಒಬ್ಬರಿಗೆ ಎಂದು ಅಂದಾಜು. ಇದರ ತೊಂದರೆಯೇ ಬೇರೆ: ನಾಳ ಮುಂಚಿತವಾಗಿ ಹಿಗ್ಗಿ ಸೂಚನೆ ಕೊಡಲೇಬೇಕೆಂದಿಲ್ಲ. ಮಧ್ಯಮ ಗಾತ್ರದ ಅಪಧಮನಿಗಳು, ದೊಡ್ಡ ಕರುಳು, ಬಸುರಿಯರಲ್ಲಿ ಗರ್ಭಕೋಶ ಇದ್ದಕ್ಕಿದ್ದಂತೆ ಸೀಳುತ್ತವೆ. ಎಕೋ ಸರಿಯಿದೆ ಎಂದು ನಿಶ್ಚಿಂತೆಯಿಂದ ಕುಳಿತುಕೊಳ್ಳುವ ಹಾಗಿಲ್ಲ.

ನಿಮ್ಮ ಮಗನಿಗೆ ಒಂದು ಎಕೋ ಮತ್ತು ಕಣ್ಣಿನ ತಪಾಸಣೆ ಮಾಡಿಸಿ. ಎತ್ತರ ಇದ್ದವರಿಗೆಲ್ಲ ಮಾರ್ಫಾನ್ ಇರುವುದಿಲ್ಲ.

ಗೋಕರ್ಣದ_ರಥಬೀದಿ
ಎಹ್ಲರ್ಸ್-ಡಾನ್ಲೋಸ್ ಎಂದರೆ ಕೈಕಾಲು ರಬ್ಬರಿನಂತೆ ಬಾಗುವವರು ತಾನೇ? ನಮ್ಮ ಕಡೆಯ ಯಕ್ಷಗಾನದ ಹುಡುಗನೊಬ್ಬ ಹೆಬ್ಬೆರಳನ್ನು ಹಿಂದಕ್ಕೆ ಮಡಚಿ ಮಣಿಕಟ್ಟಿಗೆ ತಾಗಿಸುತ್ತಾನೆ. ಅವನಿಗೆ ಏನೂ ಆಗಿಲ್ಲ, ರಾತ್ರಿಯಿಡೀ ಮಂಡಿ ತಿರುಗುತ್ತಾನೆ.

ಬೇಡ್ತಿ_ಕಣಿವೆ
2017ರ ವರ್ಗೀಕರಣದಲ್ಲಿ ಎಹ್ಲರ್ಸ್-ಡಾನ್ಲೋಸ್‌ನ 13 ಬಗೆಗಳಿವೆ. ನೀವು ಹೇಳುವುದು ಕೀಲುಗಳು ಸಡಿಲವಾಗಿರುವ ಬಗೆ, ಅದೇ ಹೆಚ್ಚು ಸಾಮಾನ್ಯ. ರಕ್ತನಾಳದ ಬಗೆಯಲ್ಲಿ ದೊಡ್ಡ ಕೀಲುಗಳು ಅಷ್ಟೇನೂ ಬಾಗುವುದಿಲ್ಲ, ಬೆರಳುಗಳಷ್ಟೇ ಬಾಗಬಹುದು. ಚರ್ಮ ಹಿಗ್ಗುವುದೂ ಇಲ್ಲ, ತೆಳ್ಳಗಿರುತ್ತದೆ. "ಮೈ ಬಾಗುವುದಿಲ್ಲವಲ್ಲ, ಹಾಗಾದರೆ ಇದಲ್ಲ" ಎಂದು ವೈದ್ಯರೂ ಕೈಬಿಡುವುದುಂಟು.

ಹುರಿಹಗ್ಗ (ಅಂಕೋಲಾ)
ಇದರ ಒಳಗುಟ್ಟು ನನಗೆ ಅರ್ಥವಾದ ಬಗೆಯನ್ನು ಹೇಳುತ್ತೇನೆ, ಬೇಡ್ತಿಯವರು ತಿದ್ದಲಿ. ನಾಳದ ಗೋಡೆಗೆ ಬಲ ಕೊಡುವುದು ಮೂರನೆಯ ಬಗೆಯ ಕೊಲ್ಯಾಜೆನ್ ಎಂಬ ಪ್ರೋಟೀನು. ಅದು ನಮ್ಮ ತೆಂಗಿನ ನಾರಿನ ಹಗ್ಗದ ಹಾಗೆ ಮೂರು ಎಳೆಗಳ ಹುರಿ. ಕೆಟ್ಟ ಪ್ರತಿಯಿಂದ ಅರ್ಧ ಎಳೆಗಳು, ಒಳ್ಳೆಯ ಪ್ರತಿಯಿಂದ ಅರ್ಧ ಎಳೆಗಳು ತಯಾರಾಗುತ್ತವೆ. ಕೋಶಕ್ಕೆ ಯಾವುದು ಕೆಟ್ಟದ್ದೆಂದು ಗೊತ್ತಿಲ್ಲ, ಕೈಗೆ ಸಿಕ್ಕಿದ್ದನ್ನು ಹೆಣೆಯುತ್ತದೆ. ಮೂರೂ ಎಳೆ ಒಳ್ಳೆಯದಿರುವ ಹುರಿ ಎಂಟರಲ್ಲಿ ಒಂದು ಮಾತ್ರ. ಉಳಿದ ಏಳು ಹುರಿಗಳಲ್ಲಿಯೂ ತಲಾ ಒಂದಾದರೂ ಕೆಟ್ಟ ಎಳೆ. ಅರ್ಧ ದೋಷ ಎಂಟರಲ್ಲಿ ಏಳು ಪಾಲಾಗುವುದು ಹೀಗೆ.

ಬೇಡ್ತಿ_ಕಣಿವೆ
ಲೆಕ್ಕ ಸರಿ. ಒಂದು ಸೇರ್ಪಡೆ: ಕೆಲವು ಕುಟುಂಬಗಳಲ್ಲಿ ಕೆಟ್ಟ ಪ್ರತಿ ಎಳೆಯನ್ನು ತಯಾರಿಸುವುದೇ ಇಲ್ಲ. ಆಗ ಕೊಲ್ಯಾಜೆನ್ ಅರ್ಧ ಪ್ರಮಾಣದಲ್ಲಿರುತ್ತದೆ, ಇರುವಷ್ಟು ಚೆನ್ನಾಗಿರುತ್ತದೆ. ಅಂಥವರಿಗೆ ತೊಂದರೆ ತಡವಾಗಿ ಬರುತ್ತದೆ. ವರದಿಯಲ್ಲಿ ಯಾವ ಬಗೆಯ ದೋಷ ಎಂದು ಬರೆದಿರುತ್ತಾರೆ, ಕೇಳಿ ತಿಳಿದುಕೊಳ್ಳಿ.

ನಾಟಿ_ಮದ್ದು (ಶಿರಸಿ)
ಕೊಲ್ಯಾಜೆನ್ ಕಡಿಮೆ ಎಂದರೆ ನೆಲ್ಲಿಕಾಯಿ, ಮುರುಗಲು ಪಾನಕ ಕೊಡಿ, ಸಿ ಜೀವಸತ್ವ ಹೇರಳ. ಹೃದಯಕ್ಕೆ ಹೊಳೆಮತ್ತಿ ಚೆಕ್ಕೆಯ ಕಷಾಯ. ನಮ್ಮ ಅಜ್ಜಂದಿರು ಇದರಲ್ಲಿಯೇ ನೂರು ವರ್ಷ ಬದುಕಿದ್ದರು.

ಹುರಿಹಗ್ಗ (ಅಂಕೋಲಾ)
ನೂರು ವರ್ಷ ಬದುಕಿದ ಅಜ್ಜಂದಿರು ಮಾತ್ರ ಲೆಕ್ಕಕ್ಕೆ ಸಿಗುತ್ತಾರೆ. ನಲವತ್ತಕ್ಕೆ ಹೋದವರ ಚಿತ್ರಕ್ಕೆ ಹಾರ ಹಾಕಿ ಗೋಡೆಗೆ ತೂಗುಹಾಕಿದ್ದೇವೆ. ಕೊಲ್ಯಾಜೆನ್ ಹೆಣೆಯಲು ಸಿ ಜೀವಸತ್ವ ಬೇಕು ಎನ್ನುವುದು ನಿಜ, ಆದರೆ ಎಳೆಯ ಅಚ್ಚೇ ಕೆಟ್ಟಿರುವಾಗ ಪಾನಕ ಅದನ್ನು ತಿದ್ದುವುದಿಲ್ಲ. ಪಾನಕ ಕುಡಿಯಲಿ, ಬೇಸಿಗೆಗೆ ತಂಪು.

ನಾಟಿ_ಮದ್ದು (ಶಿರಸಿ)
ನಿಮ್ಮ ಇಂಗ್ಲಿಷ್ ಮದ್ದಿನಲ್ಲಿ ಇದಕ್ಕೆ ಗುಣವಿದೆಯೇ? ಇಲ್ಲವಲ್ಲ. ಮತ್ತೆ ಯಾಕೆ ಇಷ್ಟು ಹಾರಾಟ?

ದೇವಿಮನೆ_ಘಟ್ಟ
ಗುಣವಿಲ್ಲ, ನಿಜ. ಆದರೆ ಏನೂ ಇಲ್ಲ ಎಂದೂ ಅಲ್ಲ. ಸೆಲಿಪ್ರೊಲಾಲ್ ಎಂಬ ರಕ್ತದೊತ್ತಡದ ಮಾತ್ರೆಯನ್ನು ಫ್ರಾನ್ಸ್ ಮತ್ತು ಬೆಲ್ಜಿಯಂನಲ್ಲಿ 53 ರೋಗಿಗಳ ಮೇಲೆ ಪ್ರಯೋಗಿಸಿ 2010ರಲ್ಲಿ ಫಲಿತಾಂಶ ಪ್ರಕಟಿಸಿದರು. ಮಾತ್ರೆ ತೆಗೆದುಕೊಂಡ 25 ಜನರಲ್ಲಿ 5 ಜನರಿಗೆ, ತೆಗೆದುಕೊಳ್ಳದ 28ರಲ್ಲಿ 14 ಜನರಿಗೆ ನಾಳ ಸೀಳುವ, ಒಡೆಯುವ ತೊಂದರೆ ಬಂತು. ಇನ್ನೂ ಸಮರ್ಪಕವಾದ ಪ್ರಯೋಗ ಬೇಕು ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2019ರಲ್ಲಿ ಒಪ್ಪಿಗೆ ಕೊಡಲಿಲ್ಲ. ಯುರೋಪಿನಲ್ಲಿ ಕೊಡುತ್ತಾರೆ. ಅಣ್ಣನಿಗೆ ಯಾವುದು ಹೊಂದುತ್ತದೆ ಎಂದು ಅವರ ವೈದ್ಯರೇ ಹೇಳಬೇಕು. ಇಲ್ಲಿ ಓದಿ ಅಂಗಡಿಯಲ್ಲಿ ಕೊಳ್ಳುವುದು ಬೇಡ.

ಮಾಡಬಾರದ್ದರ ಬಗ್ಗೆ ಹೇಳುವುದಾದರೆ ನನ್ನ ಬಳಿ ಮಾತು ಹೆಚ್ಚಿದೆ, ನಮ್ಮ ಮನೆಯಲ್ಲಿಯೂ ಇಂಥದ್ದೇ ಒಂದು ಇದೆ (ಲೋಯ್ಸ್-ಡೀಟ್ಸ್ ಎನ್ನುತ್ತಾರೆ, 2005ರಲ್ಲಿ ಗುರುತಿಸಿದ್ದು). ಭಾರ ಎತ್ತುವುದು ಬೇಡ: ಸಿಲಿಂಡರ್, ಅಡಿಕೆ ಮೂಟೆ, ದೋಣಿ ದಡಕ್ಕೆ ಎಳೆಯುವುದು, ಯಾವುದೂ. ಕಬಡ್ಡಿ ಬೇಡ. ಮಲಬದ್ಧತೆಯಾಗಿ ತಿಣುಕಲು ಬಿಡಬಾರದು. ಜ್ವರಕ್ಕೋ ಮೂತ್ರದ ಉರಿಗೋ ಅಂಗಡಿಯವರು ಸಲೀಸಾಗಿ ಕೊಡುವ ಸಿಪ್ರೊಫ್ಲಾಕ್ಸಾಸಿನ್ ಜಾತಿಯ ಮಾತ್ರೆಗಳನ್ನು ಇಂಥವರಿಗೆ ಬೇರೆ ದಾರಿಯಿದ್ದರೆ ಕೊಡಬಾರದು ಎಂದು 2018ರಲ್ಲಿಯೇ ಅದೇ ಅಮೆರಿಕದ ಸಂಸ್ಥೆ ಎಚ್ಚರಿಸಿದೆ, ಮಾರ್ಫಾನ್ ಮತ್ತು ಎಹ್ಲರ್ಸ್-ಡಾನ್ಲೋಸ್ ಎರಡರ ಹೆಸರನ್ನೂ ಹೇಳಿ. ಮತ್ತೊಂದು, ಯಾರೂ ಹೇಳದೇ ಇರುವುದು: ಕ್ಷೌರದಂಗಡಿಯಲ್ಲಿ ತಲೆಗೆ ಎಣ್ಣೆ ತಿಕ್ಕಿ ಕೊನೆಗೆ ಕುತ್ತಿಗೆಯನ್ನು ಲಟಕ್ ಎಂದು ತಿರುಗಿಸುತ್ತಾರಲ್ಲ, ಅದನ್ನು ಸಂಪೂರ್ಣ ನಿಲ್ಲಿಸಿ. ಕುತ್ತಿಗೆಯ ಅಪಧಮನಿ ಸೀಳಿ ಪಾರ್ಶ್ವವಾಯು ಬಡಿಯಬಹುದು.

ಕೊನೆಗೌಡ (ಸಿದ್ದಾಪುರ)
ಆ ಲಟಕ್ ಇಲ್ಲದಿದ್ದರೆ ಕ್ಷೌರ ಮಾಡಿಸಿಕೊಂಡ ಹಾಗೇ ಅನಿಸುವುದಿಲ್ಲವಲ್ಲ. ಕಾಯಿಲೆ ಇಲ್ಲದವರಿಗೂ ಅಪಾಯವೇ?

ದೇವಿಮನೆ_ಘಟ್ಟ
ಇಲ್ಲದವರಿಗೂ ಆದ ಉದಾಹರಣೆಗಳಿವೆ, ಅಪರೂಪಕ್ಕೆ. ನಾನಂತೂ ಮಾಡಿಸಿಕೊಳ್ಳುವುದಿಲ್ಲ.

ಮಾವಿನಗುಂಡಿ_ಮಳೆ
ಲೋಯ್ಸ್-ಡೀಟ್ಸ್ ಹೇಗೆ ಪತ್ತೆಯಾಯಿತು ಹೇಳುತ್ತೀರಾ?

ದೇವಿಮನೆ_ಘಟ್ಟ
ಮಗಳಿಗೆ ಗಂಟಲು ನೋವು ಎಂದು ಮಕ್ಕಳ ವೈದ್ಯರಲ್ಲಿ ಹೋಗಿದ್ದೆವು. ಅವರು ನಾಲಿಗೆ ಒತ್ತಿ ಬ್ಯಾಟರಿ ಬಿಟ್ಟು ನೋಡಿದವರು ಬಹಳ ಹೊತ್ತು ಹಾಗೆಯೇ ನೋಡಿದರು. ಕಿರುನಾಲಿಗೆಯ ತುದಿ ಎರಡಾಗಿ ಸೀಳಿತ್ತು. ಕಣ್ಣುಗಳ ನಡುವಿನ ಅಂತರವೂ ಸ್ವಲ್ಪ ಹೆಚ್ಚು, ಅದನ್ನು ನಾವು ಮುದ್ದು ಮುಖ ಎಂದುಕೊಂಡಿದ್ದೆವು. ಎಕೋ ಬರೆದುಕೊಟ್ಟರು, ಮಹಾಪಧಮನಿಯ ಬುಡ ಹಿಗ್ಗಿತ್ತು. ನಮ್ಮಿಬ್ಬರಲ್ಲಿ ಯಾರಿಗೂ ಇಲ್ಲ. ಮಗಳು ಈಗ ಮಾತ್ರೆಯಲ್ಲಿದ್ದಾಳೆ, ಶಾಲೆಗೆ ಹೋಗುತ್ತಾಳೆ, ಚಿತ್ರ ಬರೆಯುತ್ತಾಳೆ, ಓಟದ ಸ್ಪರ್ಧೆ ಬೇಡ ಎಂದರೆ ನನ್ನೊಡನೆ ಜಗಳ ಕಾಯುತ್ತಾಳೆ.

ಗೋಕರ್ಣದ_ರಥಬೀದಿ
ಈಗ ಮನೆಯವರೆಲ್ಲ ಕನ್ನಡಿಯ ಮುಂದೆ ಬಾಯಿ ತೆರೆದು ನಿಂತಿದ್ದೇವೆ.

ಬೇಡ್ತಿ_ಕಣಿವೆ
ಕಿರುನಾಲಿಗೆ ಸೀಳಿದ್ದು ಮಾತ್ರಕ್ಕೆ ಹೆದರಬೇಡಿ, ಆರೋಗ್ಯವಂತರಲ್ಲಿಯೂ ಎಷ್ಟೋ ಜನರಿಗೆ ಇರುತ್ತದೆ. ಬಾಯಿ ಮುಚ್ಚಿಕೊಳ್ಳಿ.

ತದಡಿ_ಬಂದರು
ಎಲ್ಲರೂ ವೈದ್ಯಕೀಯ ಪಾಠ ಮಾಡುತ್ತಿದ್ದೀರಿ. ಅವರು ಕೇಳಿದ ಪ್ರಶ್ನೆ ಅದಲ್ಲ. ಚಿಕ್ಕಪ್ಪನಿಗೆ ಹೇಳಿದ್ದಾರೆ, ಚಿಕ್ಕಪ್ಪ ಬೇಡ ಎಂದಿದ್ದಾರೆ. ಆ ಮನೆಯ ಮಗಳಿಗೆ ಹೇಳುವ ಹಕ್ಕು ಇವರಿಗೆ ಇದೆಯೇ? ನಮ್ಮ ಊರಿನಲ್ಲಿ ಹುಡುಗಿಯ ಸೋದರತ್ತೆಗೆ ಮೂರ್ಛೆರೋಗ ಇತ್ತು ಎಂಬ ಒಂದೇ ಮಾತಿಗೆ ನಿಶ್ಚಿತಾರ್ಥ ಮುರಿದದ್ದನ್ನು ಕಣ್ಣಾರೆ ನೋಡಿದ್ದೇನೆ. ಸುದ್ದಿ ಕುಮಟಾದಿಂದ ಘಟ್ಟ ಹತ್ತಲು ಅರ್ಧ ದಿನ ಬೇಡ. ಹುಡುಗಿಗೆ ಕಾಯಿಲೆ ಇರುತ್ತದೆಯೋ ಇಲ್ಲವೋ, ಹೆಸರು ಮಾತ್ರ ಅಂಟುತ್ತದೆ. ಹೇಳಿ ಹೇಳಿ ಎನ್ನುವವರು ಆ ತಂದೆಯ ಜಾಗದಲ್ಲಿ ಒಮ್ಮೆ ನಿಂತು ನೋಡಲಿ.

ಕರಿಕೋಟು (ಹೊನ್ನಾವರ)
ತದಡಿಯವರ ಭಯ ಸುಳ್ಳಲ್ಲ, ಆದರೆ ಅವರು ಹೇಳುವ ದಾರಿ ಇನ್ನೂ ಅಪಾಯದ್ದು. ಹಿಂದೂ ವಿವಾಹ ಕಾಯಿದೆಯ 12ನೆಯ ಕಲಮಿನ ಪ್ರಕಾರ ಮಹತ್ವದ ಸಂಗತಿಯನ್ನು ಮರೆಮಾಚಿ ಒಪ್ಪಿಗೆ ಪಡೆದ ಮದುವೆಯನ್ನು ರದ್ದುಪಡಿಸಲು, ವಂಚನೆ ಗೊತ್ತಾದ ಒಂದು ವರ್ಷದೊಳಗೆ ಅರ್ಜಿ ಹಾಕಬಹುದು. ದೊಡ್ಡಪ್ಪನ ಮಗನ ಕಾಯಿಲೆ ಅಂಥ ಸಂಗತಿ ಅಲ್ಲ. ಆದರೆ ಹುಡುಗಿಗೇ ಇದೆ ಎಂದು ಗೊತ್ತಿದ್ದೂ ಮುಚ್ಚಿಟ್ಟರೆ ನ್ಯಾಯಾಲಯದ ಮೆಟ್ಟಿಲು ಹತ್ತುವುದು ಅವಳೇ. ಆಗ ನಾಲ್ಕು ಜನರ ಬಾಯಿ ಮುಚ್ಚಿಸುವವರು ಯಾರು?

ವಿಮೆಯ ಬಗ್ಗೆಯೂ ಕೇಳುತ್ತೀರಿ, ಅದಕ್ಕೆ ಮೊದಲೇ ಹೇಳುತ್ತೇನೆ: ಆನುವಂಶಿಕ ಕಾಯಿಲೆ ಎಂಬ ಒಂದೇ ಕಾರಣ ಕೊಟ್ಟು ಆರೋಗ್ಯ ವಿಮೆಯ ಹಣ ನಿರಾಕರಿಸುವುದು ತಾರತಮ್ಯ ಎಂದು ದೆಹಲಿ ಹೈಕೋರ್ಟ್ 2018ರಲ್ಲಿ ಹೇಳಿದೆ. ಏಜೆಂಟರು ಹೆದರಿಸಿದರೆ ಇದನ್ನು ಹೇಳಿ.

ಬೇಡ್ತಿ_ಕಣಿವೆ
ತದಡಿಯವರೇ, ಆ ಹುಡುಗಿ ನಾಳೆ ಬಸುರಿಯಾಗುತ್ತಾಳೆ. ರಕ್ತನಾಳದ ಬಗೆ ಇರುವವರ ಹೆರಿಗೆಗಳನ್ನು ಲೆಕ್ಕ ಹಾಕಿದ ಅಧ್ಯಯನದಲ್ಲಿ ಸುಮಾರು ನೂರಕ್ಕೆ 5ರಂತೆ ತಾಯಂದಿರು ತೀರಿಕೊಂಡಿದ್ದಾರೆ. ಗೊತ್ತಿದ್ದರೆ ಹೆರಿಗೆಯನ್ನು ಎಲ್ಲಿ, ಯಾವಾಗ, ಯಾರ ಕೈಯಲ್ಲಿ ಎಂದು ಮೊದಲೇ ನಿರ್ಧರಿಸಬಹುದು, ಮಗು ಬೇಕೋ ಬೇಡವೋ ಎಂದು ಅವಳೇ ಯೋಚಿಸಬಹುದು. ಇವರ ಅತ್ತೆಗೆ ಆ ಅವಕಾಶ ಸಿಗಲಿಲ್ಲ. ಮದುವೆ ಮುರಿಯುವ ಭಯದಲ್ಲಿ ಹುಡುಗಿಯ ಜೀವವನ್ನೇ ಪಣಕ್ಕಿಡುವುದು ಯಾವ ಮರ್ಯಾದೆ?

ತದಡಿ_ಬಂದರು
ಇದಕ್ಕೆ ನನ್ನಲ್ಲಿ ಉತ್ತರವಿಲ್ಲ. ಆದರೂ ಹೇಳುವ ಬಗೆಯೊಂದಿರುತ್ತದೆ.

ಹುರಿಹಗ್ಗ (ಅಂಕೋಲಾ)
ಬಗೆ ಇದೆ, ಎಲ್ಲರೂ ಅದನ್ನು ದಾಟಿ ಹೋಗುತ್ತಿದ್ದೀರಿ. ಮೊದಲು ಪರೀಕ್ಷೆ ಆಗಬೇಕಾದದ್ದು ಹುಡುಗಿಗೆ ಅಲ್ಲ, ಚಿಕ್ಕಪ್ಪನಿಗೆ. ಈ ಕಾಯಿಲೆ ತಲೆಮಾರು ಹಾರಿ ಬರುವುದಿಲ್ಲ. ಚಿಕ್ಕಪ್ಪನಲ್ಲಿ ಆ ದೋಷ ಇಲ್ಲದಿದ್ದರೆ ಅವರ ಮಗಳಿಗೆ ಆ ದಾರಿಯಿಂದ ಬರುವ ಪ್ರಶ್ನೆಯೇ ಇಲ್ಲ. ಮದುವೆ ಮಾತುಕತೆ ಹಾಗೆಯೇ ಮುಂದುವರಿಯಲಿ, ಯಾರಿಗೂ ಏನೂ ಹೇಳಬೇಕಾಗಿಲ್ಲ. ಅಣ್ಣನ ದೋಷ ಎಲ್ಲಿದೆ ಎಂದು ಗೊತ್ತಿರುವುದರಿಂದ ಆ ಒಂದು ಜಾಗವನ್ನು ನೋಡಿದರೆ ಸಾಕು, ಅಣ್ಣನಿಗೆ ಮಾಡಿದಷ್ಟು ದೊಡ್ಡ ಪರೀಕ್ಷೆಯೂ ಬೇಡ, ಅಷ್ಟು ಖರ್ಚೂ ಇಲ್ಲ. ಒಂದು ಚಿಕ್ಕ ಶೀಶೆ ರಕ್ತ.

ಕರಿಕೋಟು (ಹೊನ್ನಾವರ)
ಇದು ಮಾತು. ನನಗೆ ಹೊಳೆದಿರಲಿಲ್ಲ.

ಬೇಡ್ತಿ_ಕಣಿವೆ
ಸರಿ, ಆದರೆ ಅದಕ್ಕೂ ಮೊದಲು ಅಮ್ಮನ ರಕ್ತ. ಅಪ್ಪ ಇಲ್ಲದಿರುವುದರಿಂದ ದೋಷ ಅಪ್ಪನದೇ ಎಂದು ನಾವೆಲ್ಲ ಊಹಿಸುತ್ತಿದ್ದೇವೆ. ಅತ್ತೆಯ ಕಥೆ ಕೇಳಿದರೆ ಊಹೆ ಬಲವಾಗಿಯೇ ಇದೆ. ಆದರೂ ಊಹೆ ಊಹೆಯೇ. ಅಮ್ಮ ಚಿಕ್ಕಪ್ಪನ ಪರ ನಿಂತಿದ್ದಾರೆ ಎಂದಿರಿ. ಒಮ್ಮೊಮ್ಮೆ ತಾಯಂದಿರಿಗೆ "ನನ್ನಿಂದ ಬಂದಿತೋ" ಎಂಬ ಹೆದರಿಕೆಯೂ ಇರುತ್ತದೆ. ಯಾರಿಂದ ಬಂದರೂ ಯಾರದೂ ತಪ್ಪಲ್ಲ ಎಂದು ಅವರಿಗೆ ಯಾರಾದರೂ ಬಾಯಿಬಿಟ್ಟು ಹೇಳಬೇಕು.

ಕಾಳಿ_ಸೇತುವೆ (ಕಾರವಾರ)
ಒಂದು ಪ್ರಶ್ನೆ. ಇದು ಅಣ್ಣನ ವರದಿ. ಅಣ್ಣ ಏನು ಹೇಳುತ್ತಾರೆ? ಅವರನ್ನು ಬಿಟ್ಟು ಊರೆಲ್ಲ ತೀರ್ಮಾನ ಮಾಡುತ್ತಿದೆ.

ಅಘನಾಶಿನಿ_ತೀರ (ಕುಮಟಾ)
ಅಣ್ಣ ಮೊದಲ ದಿನವೇ "ಎಲ್ಲರಿಗೂ ಹೇಳು, ನನ್ನ ಹೆಸರನ್ನೇ ಹೇಳು" ಎಂದಿದ್ದಾನೆ. ಅವನ ಚಿಂತೆ ಆರು ವರ್ಷದ ಮಗಳದು. ಅವಳ ಮೊಣಕಾಲ ಕೆಳಗೆ ಯಾವಾಗಲೂ ನೀಲಿ ಕಲೆಗಳು. ಆಡುವ ಮಗು, ಬಿದ್ದಿರುತ್ತಾಳೆ ಎಂದು ಬಿಟ್ಟಿದ್ದೆವು. ಈಗ ಅತ್ತಿಗೆ ಸ್ನಾನ ಮಾಡಿಸುವಾಗ ಒಂದೊಂದು ಕಲೆಯನ್ನೂ ಮುಟ್ಟಿ ನೋಡುತ್ತಾಳೆ. ಅಷ್ಟು ಚಿಕ್ಕವರಿಗೆ ಪರೀಕ್ಷೆ ಮಾಡುತ್ತಾರೆಯೇ?

ಬೇಡ್ತಿ_ಕಣಿವೆ
ಈ ಕಾಯಿಲೆಯಲ್ಲಿ ಮಾಡುತ್ತಾರೆ, ಏಕೆಂದರೆ ಗೊತ್ತಾದರೆ ಆಟ, ಔಷಧ, ತುರ್ತು ಚಿಕಿತ್ಸೆ ಎಲ್ಲವೂ ಬದಲಾಗುತ್ತವೆ. ಬಾಲ್ಯದಲ್ಲಿ ದೊಡ್ಡ ತೊಂದರೆ ಕಡಿಮೆ. 2000ದಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದಲ್ಲಿ 20 ವರ್ಷದೊಳಗೆ ಕಾಲು ಭಾಗ ಜನರಿಗೆ, 40ರೊಳಗೆ ಐದರಲ್ಲಿ ನಾಲ್ವರಿಗೆ ಒಂದಾದರೂ ಗಂಭೀರ ತೊಂದರೆ ಬಂದಿತ್ತು. ಈ ಲೆಕ್ಕ ಹೆಚ್ಚಾಗಿ ತೊಂದರೆ ಬಂದ ಮೇಲೆ ಪತ್ತೆಯಾದ ಕುಟುಂಬಗಳದ್ದು, ಮೊದಲೇ ಗೊತ್ತಾದ ಮಗುವಿಗೆ ಹಾಗೆಯೇ ಅನ್ವಯಿಸಬೇಡಿ. ಮಣಿಪಾಲದ ಕಸ್ತೂರಬಾ ವೈದ್ಯಕೀಯ ಕಾಲೇಜಿನಲ್ಲಿ ಆನುವಂಶಿಕ ಕಾಯಿಲೆಗಳಿಗೇ ಪ್ರತ್ಯೇಕ ವಿಭಾಗ ಇದೆ, ನಿಮಗೆ ಅದೇ ಹತ್ತಿರ. ಮನೆಯವರೆಲ್ಲ ಒಟ್ಟಿಗೆ ಹೋಗಿ, ತಲೆಗೊಂದು ದಿನ ಓಡಾಡಬೇಡಿ.

ಹಳದಿಪುರದ_ಓದುಗ
ಕೇಂದ್ರ ಸರ್ಕಾರ ಅಪರೂಪದ ಕಾಯಿಲೆಗಳಿಗೆ 50 ಲಕ್ಷ ಕೊಡುತ್ತದಂತಲ್ಲ?

ಕರಿಕೋಟು (ಹೊನ್ನಾವರ)
2021ರ ರಾಷ್ಟ್ರೀಯ ನೀತಿಯಲ್ಲಿ ಪಟ್ಟಿಯಲ್ಲಿರುವ ಕಾಯಿಲೆಗಳಿಗೆ, ನಿಗದಿಪಡಿಸಿದ ಕೇಂದ್ರಗಳ ಮೂಲಕ 50 ಲಕ್ಷದವರೆಗೆ. ಬೆಂಗಳೂರಿನಲ್ಲಿ ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆ ಮತ್ತು ಮಾನವ ತಳಿಶಾಸ್ತ್ರ ಕೇಂದ್ರ ಸೇರಿ ಅಂಥ ಒಂದು ಕೇಂದ್ರ. ಪಟ್ಟಿಯಲ್ಲಿ ಈ ಹೆಸರು ಇದೆಯೇ ಎಂದು ಅಲ್ಲಿ ಕೇಳಿ, ಆಮೇಲೆ ಆಸೆ ಇಟ್ಟುಕೊಳ್ಳಿ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ.

ಗೋಕರ್ಣದ_ರಥಬೀದಿ
ದುಡ್ಡು ಬಿಡಿ, ರಾತ್ರಿ ಎರಡು ಗಂಟೆಗೆ ನಾಳ ಸೀಳಿದರೆ ಎಲ್ಲಿಗೆ ಹೋಗುವುದು? ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಕೊಡಿ ಎಂದು ಇಡೀ ಜಿಲ್ಲೆ ಕೂಗಿತು. 2022ರಲ್ಲಿ ಹೊನ್ನಾವರದಿಂದ ಉಡುಪಿಗೆ ಹೊರಟ ಆಂಬ್ಯುಲೆನ್ಸ್ ಶಿರೂರಿನ ಟೋಲ್ ಗೇಟ್‌ಗೆ ಬಡಿದು ನಾಲ್ವರು ಹೋದರು. ಅದೇ ಶಿರೂರಿನಲ್ಲಿ 2024ರಲ್ಲಿ ಗುಡ್ಡ ಕುಸಿದು ರಸ್ತೆಯೇ ಬಂದ್.

ಹುರಿಹಗ್ಗ (ಅಂಕೋಲಾ)
ಎರಡೂ ಬೇರೆ ಬೇರೆ ಶಿರೂರು. ಟೋಲ್ ಗೇಟ್ ಇರುವುದು ಉಡುಪಿ ಜಿಲ್ಲೆಯ ಬೈಂದೂರು ಬಳಿ. ಗುಡ್ಡ ಕುಸಿದದ್ದು ನಮ್ಮ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ, ಜುಲೈ 16ರಂದು. ಸತ್ತವರು ಬೇರೆ, ಕಾರಣವೂ ಬೇರೆ.

ಗೋಕರ್ಣದ_ರಥಬೀದಿ
ಊರು ಯಾವುದಾದರೇನು, ಸಿಕ್ಕಿಕೊಳ್ಳುವವರು ನಾವೇ. ಕಾರವಾರದವರು ಗೋವಾದ ಬಾಂಬೋಲಿಂ, ನಾವು ಮಣಿಪಾಲ, ಶಿರಸಿಯವರು ಹುಬ್ಬಳ್ಳಿ. ಒಂದೇ ಜಿಲ್ಲೆ, ಆಸ್ಪತ್ರೆಗೆ ಮೂರು ದಿಕ್ಕು.

ನಾಟಿ_ಮದ್ದು (ಶಿರಸಿ)
ಈ ಮಾತಿಗೆ ಮಾತ್ರ ನನ್ನ ಸಂಪೂರ್ಣ ಬೆಂಬಲ.

ಕೊನೆಗೌಡ (ಸಿದ್ದಾಪುರ)
ನಾಟಿ ಮದ್ದಿನವರೂ ಹುರಿಹಗ್ಗದವರೂ ಒಂದೇ ಕಡೆ! ಇದನ್ನು ಬರೆದಿಟ್ಟುಕೊಳ್ಳಿ.

ನಿರ್ವಾಹಕ
ಆಸ್ಪತ್ರೆ ಹೋರಾಟಕ್ಕೆ ಬೇರೆ ಚರ್ಚೆ ಇದೆ, ಅಲ್ಲಿ ಮುಂದುವರಿಸಿ.

ಅಘನಾಶಿನಿ_ತೀರ (ಕುಮಟಾ)
ನಾಲ್ಕು ವಾರದ ಮೇಲೆ ಬರೆಯುತ್ತಿದ್ದೇನೆ. ನಾವೆಲ್ಲ ಹೋಗಿ ರಕ್ತ ಕೊಟ್ಟು ಬಂದೆವು. ಅಮ್ಮನಲ್ಲಿ ದೋಷ ಇಲ್ಲ. ನನ್ನಲ್ಲಿಯೂ ಇಲ್ಲ. ಅಣ್ಣನ ಮಗಳಲ್ಲಿ ಇದೆ. ನನಗೆ ಇಲ್ಲ ಎಂದಾಗ ಸಂತೋಷ ಪಡಲೂ ಆಗಲಿಲ್ಲ.

ಹುರಿಹಗ್ಗ ಅವರ ಮಾತನ್ನು ಹಾಗೆಯೇ ಚಿಕ್ಕಪ್ಪನಿಗೆ ಫೋನಿನಲ್ಲಿ ಹೇಳಿದೆ: ನಿಮ್ಮಲ್ಲಿ ಇಲ್ಲದಿದ್ದರೆ ಇಲ್ಲಿಗೇ ಮುಗಿಯಿತು. ಅವರು ಫೋನ್ ಇಟ್ಟುಬಿಟ್ಟರು. ಆದರೆ ಪಕ್ಕದಲ್ಲಿ ಚಿಕ್ಕಮ್ಮ ಕೇಳಿಸಿಕೊಂಡಿದ್ದರು. ಸಂಜೆ ಅವರೇ ಫೋನ್ ಮಾಡಿ "ನಾನು ಕರೆದುಕೊಂಡು ಹೋಗುತ್ತೇನೆ, ಬಿಪಿ ತಪಾಸಣೆ ಎಂದು ಹೇಳಿ" ಎಂದರು. ಬೇಡ ಚಿಕ್ಕಮ್ಮ, ಸುಳ್ಳು ಹೇಳಿ ರಕ್ತ ತೆಗೆಸಬಾರದು, ಅಲ್ಲಿ ಸಹಿ ಹಾಕಿಸಿಕೊಳ್ಳುತ್ತಾರೆ ಎಂದೆ. ಅವರೂ ಸಿಟ್ಟಾಗಿದ್ದಾರೆ. ಇನ್ನೂ ರಕ್ತ ಕೊಟ್ಟಿಲ್ಲ.

ಬೇಡ್ತಿ_ಕಣಿವೆ
ನೀವು ಹೇಳಿದ್ದು ಸರಿ. ಒಪ್ಪಿಗೆಯಿಲ್ಲದೆ ಮಾಡುವ ಹಾಗಿಲ್ಲ. ಅವರು ಒಪ್ಪದೇ ಹೋದರೂ ಮಗಳು ವಯಸ್ಕಳು, ಅವಳು ನೇರವಾಗಿ ಪರೀಕ್ಷೆ ಮಾಡಿಸಿಕೊಳ್ಳಬಹುದು. ಆ ಮಾತನ್ನು ಅವಳಿಗೆ ಹೇಳಬೇಕಾದವರು ನಿಮ್ಮ ಅಣ್ಣ ಎಂದು ನನಗನಿಸುತ್ತದೆ, ಕಾಯಿಲೆ ಅವರದು, ಮಾತೂ ಅವರದೇ ಇರಲಿ.

ತದಡಿ_ಬಂದರು
ಚಿಕ್ಕಪ್ಪನಿಗೆ ಸ್ವಲ್ಪ ಸಮಯ ಕೊಡಿ. ಫೋನಿನಲ್ಲಿ ಆಗುವ ಮಾತಲ್ಲ ಇದು. ಬೇಕಿದ್ದರೆ ಅಣ್ಣನನ್ನು ನಾನೇ ಶಿರಸಿಗೆ ಕರೆದುಕೊಂಡು ಹೋಗುತ್ತೇನೆ, ನನ್ನ ಕಾರು ಇದೆ. ಘಟ್ಟದಲ್ಲಿ ನಿಧಾನವಾಗಿಯೇ ಓಡಿಸುತ್ತೇನೆ.

ಅಘನಾಶಿನಿ_ತೀರ (ಕುಮಟಾ)
ನಿಮಗೆ ಖಾಸಗಿ ಸಂದೇಶ ಕಳುಹಿಸಿದ್ದೇನೆ.

ದೇವಿಮನೆ_ಘಟ್ಟ
ಅಲ್ಲಿಯವರೆಗೆ ಅಣ್ಣನ ಮತ್ತು ಮಗುವಿನ ಚೀಲದಲ್ಲಿ ಒಂದು ಚೀಟಿ ಇಡಿ. ನಾವು ಮಗಳಿಗೆ ಮಾಡಿರುವುದನ್ನು ನಿಮ್ಮ ಕಾಯಿಲೆಗೆ ಹೊಂದಿಸಿ ಬರೆಯುತ್ತೇನೆ:

"ನನಗೆ ರಕ್ತನಾಳಗಳ ಎಹ್ಲರ್ಸ್-ಡಾನ್ಲೋಸ್ ಸಿಂಡ್ರೋಮ್ ಇದೆ. ಎದೆ, ಹೊಟ್ಟೆ, ಬೆನ್ನು ಅಥವಾ ತಲೆಯಲ್ಲಿ ಏಕಾಏಕಿ ನೋವು ಬಂದರೆ ಅಪಧಮನಿ ಅಥವಾ ಕರುಳು ಸೀಳಿರಬಹುದು. ಇಸಿಜಿ ಸರಿಯಿದೆ ಎಂದು ಮನೆಗೆ ಕಳುಹಿಸಬೇಡಿ, ತಕ್ಷಣ ಸಿಟಿ ಆಂಜಿಯೋಗ್ರಾಂ ಮಾಡಿ. ಅನಿವಾರ್ಯವಲ್ಲದಿದ್ದರೆ ಅಪಧಮನಿಯೊಳಗೆ ಕೊಳವೆ ಹಾಕಬೇಡಿ, ಕೊಲೊನೋಸ್ಕೋಪಿ ಮಾಡಬೇಡಿ."

ಕೆಳಗೆ ರಕ್ತದ ಗುಂಪು, ವೈದ್ಯೆಯ ಫೋನ್ ಸಂಖ್ಯೆ. ವೈದ್ಯೆಗೆ ಒಮ್ಮೆ ತೋರಿಸಿ, ಸಹಿ ಮತ್ತು ಮೊಹರು ಹಾಕಿಸಿಕೊಳ್ಳಿ. ಮೊಹರು ಇಲ್ಲದ ಚೀಟಿಯನ್ನು ತುರ್ತು ವಿಭಾಗದಲ್ಲಿ ಯಾರೂ ಓದುವುದಿಲ್ಲ.

ಕಾಳಿ_ಸೇತುವೆ (ಕಾರವಾರ)
ಗೋವಾಕ್ಕೂ ಹೋಗಬೇಕಾಗಬಹುದು, ಇಂಗ್ಲಿಷಿನಲ್ಲಿಯೂ ಬರೆಸಿ. ಒಂದು ಕಡೆ ಕನ್ನಡ, ಇನ್ನೊಂದು ಕಡೆ ಇಂಗ್ಲಿಷ್.

ಅಘನಾಶಿನಿ_ತೀರ (ಕುಮಟಾ)
ಎರಡೂ ಬರೆಸುತ್ತೇನೆ. ಮಗುವಿನದನ್ನು ಶಾಲೆಯ ಟೀಚರ್ ಬಳಿಯೂ ಒಂದು ಕೊಡಬೇಕೇ?

ದೇವಿಮನೆ_ಘಟ್ಟ
ಕೊಡಿ. ದೈಹಿಕ ಶಿಕ್ಷಕರಿಗೆ ಬೇರೆಯೇ ಒಂದು.